ಒಂದು ಎಲೆ ಹೆಚ್ಚು

ಸಿದ್ಧಕಟ್ಟೆಯಲ್ಲಿ ಮಿಲಿಟರಿ ರುಕ್ಮಯ್ಯನ ಮನೆ ಯಾವುದು ಎಂದು ಕೇಳಿದರೆ ಜನ "ಬಾಗಿಲು ಹಾಕದ ಮನೆ" ಎಂದು ಹೇಳಿ ನಗುತ್ತಾರೆ. ಮೂಡುಬಿದಿರೆಗೆ ಹೋಗುವ ಬಸ್ಸಿನಿಂದಲೇ ಕಾಣುವ ತಾರಸಿ ಮನೆ. ಎದುರಿನ ಬಾಗಿಲು, ಕೋಣೆಯ ಬಾಗಿಲು, ಅಡುಗೆಮನೆಯ ಬಾಗಿಲು ಎಲ್ಲವೂ ಬೆಳಗ್ಗೆ ತೆರೆದರೆ ಮಲಗುವವರೆಗೆ ತೆರೆದೇ ಇರುತ್ತವೆ. ನೆರೆಮನೆಯ ಕೋಳಿಗಳು ಒಳಗೆ ಬಂದು ಒಂದು ಸುತ್ತು ಹಾಕಿ ಹಿಂದಿನ ಬಾಗಿಲಿನಿಂದ ಹೋಗುವುದುಂಟು. ಬಚ್ಚಲಿನ ಬಾಗಿಲನ್ನು ಮಾತ್ರ ಹಾಕಿಕೊಳ್ಳಬಹುದು. ಆದರೆ ಹಾಕಿಕೊಂಡವರು ಒಳಗೆ ಹಾಡುತ್ತಿರಬೇಕು. ಅದು ಆ ಮನೆಯ ಕಾನೂನು. ಹಾಡು ನಿಂತರೆ ರುಕ್ಮಯ್ಯ ಹೊರಗಿನಿಂದ "ಒಳಗೆ ಯಾರು?" ಎಂದು ಕೇಳುತ್ತಾನೆ. ಇರುವುದು ಹೆಂಡತಿ ಇಲ್ಲವೇ ಮಗಳು, ಮೂರನೆಯವರು ಎಲ್ಲಿಂದ ಬರಬೇಕು? ಆದರೂ ಕೇಳುತ್ತಾನೆ.

ಪರಮೇಶ್ವರಿಗೆ ಹಾಡು ಬರುವುದಿಲ್ಲ. ಮದುವೆಯಾಗಿ ಮೂವತ್ತನಾಲ್ಕು ವರ್ಷ ಅವಳು ಬಚ್ಚಲಲ್ಲಿ ಒಂದೇ ಭಜನೆಯ ಎರಡು ಸಾಲು ಹೇಳಿಕೊಂಡೇ ಸ್ನಾನ ಮುಗಿಸಿದ್ದಾಳೆ.

ಅವಳು ಮದುವೆಯಾದದ್ದು ಶಾಂತಿಪಡೆಯ ಜೊತೆ ಲಂಕೆಗೆ ಹೋಗಿ ಹಿಂದಿರುಗಿದ ರುಕ್ಮಯ್ಯನನ್ನು. ಹೋಗುವ ಮೊದಲಿನವನನ್ನು ಅವಳು ನೋಡಿಯೇ ಇಲ್ಲ. ನೋಡಿದವನು ಅವನ ಅಣ್ಣ ತುಕ್ರಪ್ಪ. "ನಮ್ಮ ರುಕ್ಮ ಕೇರಿಯ ಮಕ್ಕಳನ್ನೆಲ್ಲ ಹೆಗಲ ಮೇಲೆ ಕೂರಿಸಿಕೊಂಡು ತೋಡು ದಾಟಿಸುತ್ತಿದ್ದ ಮಾರಾಯ್ತಿ, ಮಕ್ಕಳೆಂದರೆ ಅಷ್ಟು ಹುಚ್ಚು" ಎಂದು ತುಕ್ರಪ್ಪ ಹೇಳುವಾಗಲೆಲ್ಲ ಪರಮೇಶ್ವರಿಗೆ ಯಾರದೋ ಕಥೆ ಕೇಳಿದ ಹಾಗಾಗುತ್ತಿತ್ತು. ಅವಳಿಗೆ ಸಿಕ್ಕಿದ ಗಂಡ ಸ್ವಂತ ಮಗಳನ್ನು ಒಂದು ದಿನವೂ ಎತ್ತಿಕೊಂಡವನಲ್ಲ. ನವ್ಯಶ್ರೀ ಹುಟ್ಟಿದಾಗ ರಜೆಯಲ್ಲಿ ಬಂದಿದ್ದ. ಆಸ್ಪತ್ರೆಯಲ್ಲಿ ನರ್ಸ್ ಮಗುವನ್ನು ಮುಂದೆ ಚಾಚಿದಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಪರೇಡಿನಲ್ಲಿ ನಿಂತ ಹಾಗೆ ನಿಂತುಬಿಟ್ಟ. ತೊಟ್ಟಿಲು ತಂದ, ಆಮೇಲೆ ಸೈಕಲ್ ತಂದ, ಶಾಲೆಯ ಫೀಸು ಒಂದು ದಿನ ತಡಮಾಡಲಿಲ್ಲ. ಮುಟ್ಟಲಿಲ್ಲ, ಅಷ್ಟೇ. "ಹೆಣ್ಣಾಯಿತು ಅಂತ ಬೇಜಾರಾ ನಿಮಗೆ?" ಎಂದು ಪರಮೇಶ್ವರಿ ಒಮ್ಮೆ ಕೇಳಿದಳು, ಹತ್ತು ಸಲ ಕೇಳಿದಳು. ಗೋಡೆಗೆ ಕೇಳಿದ್ದರೆ ಅದಾದರೂ ಹಲ್ಲಿಯ ಬಾಯಲ್ಲಿ ಲೊಚಗುಟ್ಟುತ್ತಿತ್ತು. ಅಂತೂ ಹೆಣ್ಣುಮಗು ಬೇಡದ ಗಂಡಸು ಎಂದು ಅವಳು ತೀರ್ಮಾನ ಮಾಡಿದಳು. ಮಗಳೂ ಬುದ್ಧಿ ಬಂದ ಮೇಲೆ ಅದೇ ತೀರ್ಮಾನಕ್ಕೆ ಬಂದಳು.

ಅವನು ಹೆಂಡತಿಯ ಬಳಿ ಬಾಯಿಬಿಟ್ಟು ಕೇಳಿಕೊಂಡದ್ದು ಒಂದೇ ಒಂದು. ಮಳೆಗಾಲದ ಆಟಿ ತಿಂಗಳಲ್ಲಿ, ಸತ್ತ ಹಿರಿಯರಿಗೆ ಬಡಿಸುವ ಕ್ರಮ ಉಂಟಲ್ಲ, ಮದುವೆಯಾದ ಮೊದಲ ವರ್ಷ ಅವಳು ಅದಕ್ಕೆ ಬಾಳೆಯೆಲೆ ತೊಳೆಯುತ್ತಿದ್ದಾಗ ಹಿಂದೆ ಬಂದು ನಿಂತು, "ಒಂದು ಎಲೆ ಹೆಚ್ಚು ಇಡು" ಎಂದಿದ್ದ.

"ಯಾರಿಗೆ?"

"ಲಂಕೆಯಲ್ಲಿ ಸತ್ತವರಿಗೆ."

ಜೊತೆಯಲ್ಲಿದ್ದ ಯಾರೋ ಜವಾನ ಇರಬೇಕು, ಮನೆಯವರು ದೂರ, ಬಡಿಸುವವರಿಲ್ಲವೇನೋ ಎಂದುಕೊಂಡು ಅವಳು ಒಂದು ಎಲೆ ಹೆಚ್ಚು ತೊಳೆದಳು. ಹಿರಿಯರ ಎಲೆಗಳಿಗೆ ಅನ್ನ, ಕಡುಬು, ಕೋಳಿ ಸಾರು, ಹುರಿದ ಬಂಗುಡೆ, ಪಕ್ಕದಲ್ಲಿ ಕಳ್ಳು. ಇವನು ಮಿಲಿಟರಿಯವನಲ್ಲವೇ ಎಂದು ಆ ಎಲೆಯ ಪಕ್ಕ ಅವಳೇ ಮುತುವರ್ಜಿಯಿಂದ ಕ್ಯಾಂಟೀನಿನ ರಮ್ಮನ್ನು ಸಣ್ಣ ಗ್ಲಾಸಿಗೆ ಹೊಯ್ದಳು, ಒಂದು ಕಟ್ಟು ಬೀಡಿಯನ್ನೂ ಇಟ್ಟಳು. ರುಕ್ಮಯ್ಯ ಆ ಗ್ಲಾಸನ್ನು ನೋಡಿದ. ಬಡಿಸಿದ ಮೇಲೆ ಹಿರಿಯರ ಹೆಸರು ಹೇಳಿ ಕರೆದು, ಅವರು ಉಂಡು ಹೋಗಲಿ ಎಂದು ಕೋಣೆಯ ಬಾಗಿಲು ಹಾಕಿ ಎಲ್ಲರೂ ಹೊರಗೆ ನಿಲ್ಲುವುದು ಪದ್ಧತಿ. ವರ್ಷದಲ್ಲಿ ಜನ ಎಚ್ಚರವಿರುವಾಗ ಆ ಮನೆಯ ಕೋಣೆಯ ಬಾಗಿಲು ಹಾಕುವುದು ಆ ಕಾಲು ಗಂಟೆ ಮಾತ್ರ. ಅಷ್ಟು ಹೊತ್ತು ರುಕ್ಮಯ್ಯ ಬಾವಿಯ ಬಳಿ ಹೋಗಿ ಮನೆಗೆ ಬೆನ್ನು ಹಾಕಿ ನಿಲ್ಲುತ್ತಿದ್ದ. ಪ್ರತಿ ವರ್ಷ ಹಾಗೆಯೇ.

ಈ ವರ್ಷ ಆ ಎಲೆಗೆ ಸಂಚಕಾರ ಬಂತು.

ನವ್ಯಶ್ರೀ ಮಿಜಾರಿನ ಕಾಲೇಜೊಂದರ ಆಫೀಸಿನಲ್ಲಿ ಕೆಲಸಕ್ಕಿದ್ದಾಳೆ. ಮದುವೆಯಾಗಿ ಆರು ವರ್ಷ, ಎರಡು ಸಲ ಹೊಟ್ಟೆಯಲ್ಲಿ ನಿಂತದ್ದು ಉಳಿಯಲಿಲ್ಲ. ಎರಡನೆಯದಂತೂ ಏಳು ತಿಂಗಳಾಗಿತ್ತು. ಆ ಸಂಕಟ ನೋಡಲಾರದೆ ತುಕ್ರಪ್ಪ ಬೆಳ್ತಂಗಡಿಯಲ್ಲಿ ಒಬ್ಬ ಜೋಯಿಸರ ಬಳಿ ಪ್ರಶ್ನೆ ಇಡಿಸಿದ. ಜೋಯಿಸರು ಕವಡೆ ಆಚೆ ಈಚೆ ಸರಿಸಿ, ಈ ಮನೆಯಲ್ಲಿ ಕುಟುಂಬಕ್ಕೆ ಸೇರದ, ಹೆಸರಿಲ್ಲದ ಯಾರಿಗೋ ಬಡಿಸುತ್ತಿದ್ದೀರಿ, ಹೆಸರು ಹೇಳಿ ಕರೆಯಿರಿ, ಇಲ್ಲದಿದ್ದರೆ ನಿಲ್ಲಿಸಿ ಎಂದರಂತೆ. ಹೆಚ್ಚುವರಿ ಎಲೆಯ ಸಂಗತಿ ಊರಿಗೆಲ್ಲ ಗೊತ್ತು. ಜೋಯಿಸರ ಕಿವಿಗೆ ಕವಡೆ ಹೇಳಿತೋ ತುಕ್ರಪ್ಪನನ್ನು ಕರೆದೊಯ್ದ ಕಾರಿನವನು ಹೇಳಿದನೋ, ಪರಮೇಶ್ವರಿಗೆ ಅನುಮಾನವಿತ್ತು. ಆದರೆ ಮಗಳ ವಿಷಯ ಬಂದಾಗ ಅನುಮಾನ ಪಡುವ ಧೈರ್ಯ ಯಾವ ತಾಯಿಗೆ ಉಂಟು?

"ಎಷ್ಟು ಕೇಳಿದರೂ ಇಲ್ಲ. ಒಂದು ಹೆಸರು ಹೇಳುವುದಕ್ಕೆ ಎಂತ ಕಷ್ಟ ಇವರಿಗೆ?" ಎಂದು ಆಟಿಯ ಆ ಆದಿತ್ಯವಾರ ಮಧ್ಯಾಹ್ನ ತೆಂಗಿನಕಾಯಿ ತುರಿಯುತ್ತ ಅವಳು ಮಗಳ ಹತ್ತಿರ ಹೇಳಿದಳು.

"ಸತ್ತ ಸ್ನೇಹಿತನ ಮೇಲೆ ಇರುವ ಪ್ರೀತಿ ನಮ್ಮ ಮೇಲೆ ಇಲ್ಲ, ಅಷ್ಟೇ ಅಮ್ಮ" ಎಂದಳು ನವ್ಯಶ್ರೀ. "ನನಗೆ ಆ ಎಲೆ ನೋಡಿದರೆ ಸಣ್ಣದಿರುವಾಗಲೂ ಹೊಟ್ಟೆಕಿಚ್ಚಾಗ್ತಿತ್ತು."

ಸಂಜೆ ಐದಕ್ಕೆ ಎಲೆಗಳು ಸಾಲಾಗಿ ಬಿದ್ದವು. ಅತ್ತೆ, ಮಾವ, ಚಿಕ್ಕಮಾವ, ಸಣ್ಣಪ್ರಾಯದಲ್ಲೇ ಹೋದ ನಾದಿನಿ. ಕೊನೆಯಲ್ಲಿ ಅದು. ಪರಮೇಶ್ವರಿ ಎಲ್ಲದಕ್ಕೂ ಬಡಿಸಿ, ವಾಡಿಕೆಯಂತೆ ರಮ್ ಹೊಯ್ದಳು. ತುಕ್ರಪ್ಪ ದೀಪದ ಬತ್ತಿ ಸರಿಮಾಡಿ ಎದ್ದು ನಿಂತು ತಮ್ಮನನ್ನು ಕರೆದ. ರುಕ್ಮಯ್ಯ ಆಗಲೇ ಬಾವಿಯ ಕಡೆ ಹೊರಟಿದ್ದ.

"ರುಕ್ಮ, ಇವತ್ತು ಹಾಗೆ ಹೋದರೆ ಆಗುವುದಿಲ್ಲ. ಹೆಸರು ಹೇಳು, ನಾನು ಕರೆಯುತ್ತೇನೆ. ಇಲ್ಲದಿದ್ದರೆ ಆ ಎಲೆ ತೆಗೆಯುವ. ಮಗಳ ಮುಖ ನೋಡು ಮಾರಾಯ."

ರುಕ್ಮಯ್ಯ ಮಗಳ ಮುಖ ನೋಡಲಿಲ್ಲ, ಗ್ಲಾಸನ್ನು ನೋಡಿದ.

"ಅಣ್ಣ, ಆ ರಮ್ ತೆಗಿ."

"ಎಂತ?"

"ರಮ್ ತೆಗಿ. ಬೀಡಿಯೂ ತೆಗಿ." ಅವನು ಹೊಸ್ತಿಲವರೆಗೆ ಹಿಂದಿರುಗಿ ಬಂದ. "ಅದು ಸಣ್ಣ ಮಗು."

ರುಕ್ಮಯ್ಯ ಹೊಸ್ತಿಲಿನ ಹೊರಗೆ, ನೆಲದ ಮೇಲೆ ಕುಸಿದು ಕೂತ. ಮೂವತ್ತನಾಲ್ಕು ವರ್ಷಗಳಲ್ಲಿ ಅವನು ಅಷ್ಟು ಮಾತಾಡಿದ್ದನ್ನು ಪರಮೇಶ್ವರಿ ಕೇಳಿರಲಿಲ್ಲ.

"ಮನೆ ಮನೆ ಹುಡುಕುತ್ತಿದ್ದೆವು. ಹಿಂದಿನ ದಿನ ಒಂದು ಬಾಗಿಲು ತೆಗೆಯುವಾಗ ನಮ್ಮ ಇಬ್ಬರು ಜವಾನರು ಸತ್ತಿದ್ದರು. ಈ ಮನೆಯ ಬಾಗಿಲು ಹಾಕಿತ್ತು. ಒಳಗೆ ಏನೋ ಶಬ್ದ ಆಯಿತು. ಯಾರು ಅಂತ ಕೇಳಬೇಕಿತ್ತು. ನಾನು ಕೇಳಲಿಲ್ಲ. ಬಾಗಿಲಿಗೇ ಗುಂಡು ಹೊಡೆದೆ. ಒಳಗೆ ಹೋಗಿ ನೋಡಿದರೆ ಒಂದು ಹೆಣ್ಣುಮಗು. ನಾಲ್ಕು ವರ್ಷವೋ, ಐದೋ. ಉಣ್ಣುತ್ತಿತ್ತು. ನನಗೆ ಕೇಳಿದ್ದು ತಟ್ಟೆ ಜಾರಿ ಬಿದ್ದ ಶಬ್ದ. ಎತ್ತಿಕೊಂಡೆ. ಈ ಕೈಯಲ್ಲಿಯೇ ಎತ್ತಿಕೊಂಡೆ. ಬಾಯಲ್ಲಿ ಅನ್ನ ಇತ್ತು, ನುಂಗಿರಲಿಲ್ಲ. ಹೆಸರು ಕೇಳುವುದು ಯಾರ ಹತ್ತಿರ? ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ."

ಪರಮೇಶ್ವರಿಗೆ ಮೊದಲು ಬಂದದ್ದು ಅಳುವಲ್ಲ, ನಾಚಿಕೆ. ದೇವರೇ, ಹಾಲು ಕುಡಿಯುವ ಬಾಯಿಗೆ ರಮ್ ಇಟ್ಟೆನಲ್ಲ! ಒಂದು ವರ್ಷವಲ್ಲ, ಎರಡು ವರ್ಷವಲ್ಲ. ಕಣ್ಣಲ್ಲಿ ನೀರು ಬರುವಷ್ಟು ಖಾರದ ಕೋಳಿ ಸಾರು, ಮುಳ್ಳು ತೆಗೆಯದ ಬಂಗುಡೆ. ಆ ಮಗು ಪ್ರತಿ ಆಟಿಗೆ ಬಂದು ಎಲೆಯ ಮುಂದೆ ಕೂತು, ಏನನ್ನೂ ಮುಟ್ಟಲಾರದೆ ಎದ್ದು ಹೋಗಿರಬೇಕು.

ಅದರ ಹಿಂದೆಯೇ ಸಿಟ್ಟು ಬಂತು. "ಒಂದು ಮಾತು ಹೇಳಲಿಕ್ಕೆ ಆಗಲಿಲ್ಲವಾ ನಿಮಗೆ?" ಎಂದು ಕೂಗಿದಳು. "ಸತ್ತ ಮಗುವಿಗೆ ಎಲೆ ಇಟ್ಟಿರಿ. ನನ್ನ ಮಗು ಅಲ್ಲಿಯೇ ನಿಮ್ಮ ಕಾಲಿನ ಬುಡದಲ್ಲಿ ಕೈಯೆತ್ತಿ ನಿಂತಿತ್ತಲ್ಲ, ಅದನ್ನು ಯಾಕೆ ಎತ್ತಿಕೊಳ್ಳಲಿಲ್ಲ?"

"ಎತ್ತಿಕೊಂಡರೆ..." ಎಂದು ರುಕ್ಮಯ್ಯ ಕೈಗಳನ್ನು ನೋಡಿಕೊಂಡ. "ಅದರಷ್ಟೇ ಭಾರ ಇರುತ್ತದೆ, ಪರಮೇಶ್ವರೀ."

ತುಕ್ರಪ್ಪ ಕೆಟ್ಟವನಲ್ಲ. ಹೆಗಲ ಬೈರಾಸಿನಿಂದ ಕಣ್ಣೊರೆಸಿಕೊಂಡ. ಆದರೂ ಹಿಡಿದ ಪಟ್ಟು ಅಷ್ಟು ಸುಲಭದಲ್ಲಿ ಬಿಡುವವನಲ್ಲ. "ಎಲ್ಲ ಸರಿ ತಮ್ಮ. ಆದರೆ ಹೆಸರಿಲ್ಲದ್ದನ್ನು ಏನೆಂದು ಕರೆಯುವುದು? ಜೋಯಿಸರು ಹೇಳಿದ್ದು..."

"ದೊಡ್ಡಪ್ಪ." ನವ್ಯಶ್ರೀ ಅಷ್ಟು ಹೊತ್ತು ಗೋಡೆಗೆ ಒರಗಿ ನಿಂತಿದ್ದಳು. "ಹೆಸರಿಡುವ ಮೊದಲು ಹೋದದ್ದು ನನ್ನದೂ ಉಂಟು. ಅದಕ್ಕೆ ಯಾರೂ ಒಂದು ಎಲೆ ಇಡಲಿಲ್ಲ. ಆ ಎಲೆ ಇರಲಿ."

ಆಮೇಲೆ ಜೋಯಿಸರ ಮಾತನ್ನು ತುಕ್ರಪ್ಪ ಎತ್ತಲಿಲ್ಲ.

ಪರಮೇಶ್ವರಿ ಆ ಎಲೆಯನ್ನು ಬಡಿಸಿದ್ದೆಲ್ಲದರ ಸಮೇತ ಎತ್ತಿದಳು. ಹೊಸ ಎಲೆ ತೊಳೆದು ತಂದಳು. ಕೋಣೆಯೊಳಗೆ ಇಡಲು ಅವಳಿಗೆ ಮನಸ್ಸು ಬರಲಿಲ್ಲ. ಅಲ್ಲಿ ಬಾಗಿಲು ಹಾಕುತ್ತಾರೆ. ಬಾಗಿಲೇ ಇಲ್ಲದ ಜಗಲಿಯ ಮೇಲೆ, ಬೆಳಕು ಬೀಳುವಲ್ಲಿ ಹಾಸಿದಳು. ಬಿಸಿ ಅನ್ನ ಹಾಕಿದಳು, ಕಾಯಿಸಿದ ಹಾಲು, ಸ್ವಲ್ಪ ಬೆಲ್ಲ, ಒಂದು ಕದಳಿ ಹಣ್ಣು. ನವ್ಯಶ್ರೀ ಸಣ್ಣದಿರುವಾಗ ಕುಡಿಯುತ್ತಿದ್ದ ಸ್ಟೀಲಿನ ಲೋಟ ಅಟ್ಟದ ಡಬ್ಬಿಯಲ್ಲಿತ್ತು. ಅದನ್ನು ಹುಡುಕಿ ತೊಳೆದು ನೀರು ತುಂಬಿ ಇಟ್ಟಳು.

ಒಳಗೆ ತುಕ್ರಪ್ಪ ಹಿರಿಯರನ್ನು ಒಬ್ಬೊಬ್ಬರಾಗಿ ಕರೆದು, ಹೊರಗೆ ಬಂದು ಬಾಗಿಲು ಎಳೆದ. ಈ ಸಲ ರುಕ್ಮಯ್ಯ ಬಾವಿಯ ಬಳಿಗೆ ಹೋಗಲಿಲ್ಲ. ಜಗಲಿಯಲ್ಲಿ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಆಮೇಲೆ ಹಣ್ಣು ಸುಲಿದು, ಅನ್ನಕ್ಕೆ ಹಿಸುಕಿ, ಹಾಲು ಬೆರೆಸಿ, ಸಣ್ಣ ಬಾಯಿಗೆ ಹಿಡಿಯುವಷ್ಟು ಸಣ್ಣ ಸಣ್ಣ ಉಂಡೆ ಕಟ್ಟಿ ಎಲೆಯ ಅಂಚಿಗೆ ಸಾಲಾಗಿ ಇಡತೊಡಗಿದ. ಮಗುವಿಗೆ ಉಣಿಸುವುದು ಅವನಿಗೆ ಗೊತ್ತಿತ್ತು. ಎಷ್ಟು ಚೆನ್ನಾಗಿ ಗೊತ್ತಿತ್ತು ಎಂಬುದನ್ನು ಪರಮೇಶ್ವರಿ ಬಾಗಿಲ ಚೌಕಟ್ಟಿಗೆ ಹಣೆ ಒತ್ತಿಕೊಂಡು ನೋಡಿದಳು. ನೋಡಲಾಗದೆ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಉಂಡೆ ಕಟ್ಟಿ ಮುಗಿದ ಮೇಲೆ ಅವನು ತಲೆಯೆತ್ತಿ ಅಂಗಳದ ಕಡೆ ನೋಡಿ, ಊರಲ್ಲಿ ಮಕ್ಕಳನ್ನು ಕರೆಯುವ ಹಾಗೆ ತುಳುವಿನಲ್ಲಿ ಕರೆದ.

"ಬಲ, ಬಾಲೆ."

ಬಾ, ಮಗು. ಅಷ್ಟೇ. ಆ ಮಾತನ್ನು ಅವನು ಆ ಮನೆಯಲ್ಲಿ ಹಿಂದೆಂದೂ ಆಡಿದವನಲ್ಲ.

ಅವನ ಬೆನ್ನ ಹಿಂದೆ ನಿಂತಿದ್ದ ನವ್ಯಶ್ರೀ, ಮೂವತ್ತೆರಡು ವರ್ಷದ ಹೆಂಗಸು, ಒಂದು ಹೆಜ್ಜೆ ಮುಂದೆ ಇಟ್ಟಳು. ಕರೆದದ್ದು ತನ್ನನ್ನಲ್ಲ ಎಂದು ಗೊತ್ತಾಗಿ ಅಲ್ಲಿಯೇ ನಿಂತಳು. ಇಟ್ಟ ಹೆಜ್ಜೆಯನ್ನು ಹಿಂದೆ ತೆಗೆಯಲೂ ಅವಳಿಂದ ಆಗಲಿಲ್ಲ. ಅದನ್ನು ಕಂಡದ್ದು ಪರಮೇಶ್ವರಿ ಒಬ್ಬಳೇ. ರುಕ್ಮಯ್ಯ ಅಂಗಳವನ್ನೇ ನೋಡುತ್ತ ಕೂತಿದ್ದ.