ಕೆಂಪು ನಂಬರು ಬಿದ್ದ ಮನೆ

ಕೆಂಪು ನಂಬರು ಬಿದ್ದ ಮನೆ ಹತ್ತು ದಿನ ಬಾಳುವುದಿಲ್ಲ ಎಂಬುದು ರೇವವ್ವ ಕಣ್ಣಾರೆ ಕಂಡ ಮಾತು. ಹೋದ ವರ್ಷ, ಎಪ್ಪತ್ತಮೂರರಲ್ಲಿ, ನವಲಗುಂದಕ್ಕೆ ಹೋಗುವ ರಸ್ತೆ ಅಗಲ ಮಾಡುತ್ತೇವೆಂದು ಪುರಸಭೆಯವರು ಪ್ಯಾಟಿ ಓಣಿಯಲ್ಲಿ ಹೀಗೇ ನಂಬರು ಬರೆದು ಹೋಗಿದ್ದರು. ಒಂಬತ್ತನೆಯ ದಿನ ಅವಳ ತವರುಮನೆಯ ಮಾಳಿಗೆ ನೆಲಕ್ಕೆ ಬಿತ್ತು, ತೊಲೆಯಡಿ ಸಿಕ್ಕ ಅಣ್ಣನ ಕಾಲು ಜಜ್ಜಿಹೋಯಿತು. ಉಳಿದದ್ದು ಗಂಡನ ಮನೆ ಒಂದೇ. ನೂರೈವತ್ತು ವರ್ಷದ ಸಾಗವಾನಿ ಕಂಬ, ಚೌಕಟ್ಟಿಗೆಲ್ಲ ಕೆತ್ತನೆ. ಅದನ್ನು ಮುಟ್ಟಿದವನ ಕೈ ಮುರಿಯುತ್ತೇನೆಂದು ಓಣಿಗೆಲ್ಲ ಸಾರಿದ್ದಳು. ರೇವವ್ವ ಬರೀ ಬಾಯಿಮಾತಿನ ಹೆಂಗಸಲ್ಲ.

ಆ ದಿನ ಅಂಗಳದಲ್ಲಿ ಖಾರ ಕುಟ್ಟುತ್ತಿದ್ದಳು. ಪುರಸಭೆಯ ಜವಾನ ಹುಲಿಗೆಪ್ಪ ಬಣ್ಣದ ಡಬ್ಬಿ ಹಿಡಿದು ಬಂದವನೇ ಬಾಗಿಲ ಚೌಕಟ್ಟಿನ ಮೇಲೆ ಕೆಂಪಗೆ ಹನ್ನೊಂದು ಎಂದು ಬರೆದ. ಕಂಕುಳಲ್ಲಿ ಕಾಗದದ ಸುರುಳಿ ಇತ್ತು. ಮೊದಲು ನಂಬರು ಹಾಕು, ಆಮೇಲೆ ಕಾಗದ ಅಂಟಿಸು ಎಂದು ಸಾಹೇಬರು ಹೇಳಿದ್ದರು. ಅದರಲ್ಲಿ ಏನಿದೆಯೆಂದು ಹೇಳುವ ಗೊಡವೆಗೆ ಯಾರೂ ಹೋಗಿರಲಿಲ್ಲ. ಪಾಪ, ಅವನಿಗೆ ಅಂಕಿ ಬಿಟ್ಟರೆ ಅಕ್ಷರ ಬಾರದು.

ಅಳಿಸು ಎಂದಳು. ಸಾಹೇಬರನ್ನು ಕೇಳದೆ ಅಳಿಸಲಾಗದೆಂದು ಅವನು ಕೈಮುಗಿದ.

"ನಮ್ಮ ಮನಿ ಕೆಡವಾಕ ಬಂದೀಯೇನ್ಲೇ?"

"ನನಗೇನೂ ಗೊತ್ತಿಲ್ರೀ ಅವ್ವಾರ."

ಗೊತ್ತಿಲ್ಲವಂತೆ! ರೇವವ್ವನ ಪಿತ್ತ ನೆತ್ತಿಗೇರಿತು. ಒನಕೆ ಎತ್ತಿ ಬೀಸಿದಳು. ಮೊದಲ ಏಟಿಗೆ ಅವನ ಮೊಣಕೈ ಎಲುಬು ಲಟಕ್ಕನೆ ಮುರಿಯಿತು. ಅವನಾದರೂ ಓಡಬೇಕೋ ಬೇಡವೋ, ಚೆಲ್ಲಿದ ಕಾಗದ ಆರಿಸಲು ಬಗ್ಗಿದ. ಎರಡನೆಯದು ತಲೆಗೆ ಬಿತ್ತು. ಅಷ್ಟರಲ್ಲಿ ಓಣಿಯ ಗಂಡಸರು ನುಗ್ಗಿದರು. ಊರ ಹೊರಗಿನ ಕೇರಿಯವನಿಗೆ ಇಷ್ಟು ಸೊಕ್ಕೇ ಎಂದು ಬಡಿಗೆಯಿಂದ, ಕಾಲಿನಿಂದ, ಕೈಗೆ ಸಿಕ್ಕಿದ್ದರಿಂದ ಬಡಿದರು. ಹಲ್ಲು ಉದುರಿ ಕಟ್ಟೆಯ ಮೇಲೆ ಬಿದ್ದವು. ನೀರು ಕೇಳಿದ, ಯಾರೂ ಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ಉಸಿರು ನಿಂತಿತು.

ಸಾಲೆಯಿಂದ ಬರುತ್ತಿದ್ದ ಶಿದ್ಲಿಂಗಪ್ಪ ಮಾಸ್ತರರು ರಕ್ತ ಹತ್ತಿದ ಕಾಗದವೊಂದನ್ನು ಎತ್ತಿ ಓದಿದರು. ಓದಿ ಹೆಣದ ಪಕ್ಕ ಕುಳಿತರು.

"ಇದು ಹಳೇ ಓಣಿ, ನಂಬರ್ ಹಾಕಿದ ಮನೀನ ಯಾರೂ ಕೆಡವಬಾರದು, ರಸ್ತಾಕ್ಕೂ ತಗೋಬಾರದು ಅಂತ ಪುರಸಭಾದಾಗ ಠರಾವು ಆಗೇತಿ," ಎಂದರು. "ನಿನ್ನ ಮನಿ ಉಳಸಾಕ ಬಂದಿದ್ನವಾ ಇಂವ."

ಗಂಡಸರು ಬಡಿಗೆ ಬಚ್ಚಿಟ್ಟುಕೊಂಡು ಒಬ್ಬೊಬ್ಬರಾಗಿ ಜಾರಿಕೊಂಡರು. ರೇವವ್ವನೊಬ್ಬಳೇ ಬಾಗಿಲಲ್ಲಿ ನಿಂತಳು. ಎಂಥ ಕೆಲಸ ಮಾಡಿಬಿಟ್ಟೆ ಎಂದು ಒನಕೆಯನ್ನು ಅತ್ತ ಎಸೆದಳು.

ಸುದ್ದಿ ಕೇರಿಗೆ ಮುಟ್ಟಿ ಹುಲಿಗೆಪ್ಪನ ಹೆಂಡತಿ ಫಕೀರವ್ವ ಓಡಿ ಬಂದಳು. ಅವಳು ಅಳಲಿಲ್ಲ. ಗಂಡನ ಬಾಯನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಬೀದಿಯ ಕಲ್ಲೊಂದನ್ನು ಎರಡೂ ಕೈಯಲ್ಲಿ ಎತ್ತಿ ಕೆತ್ತನೆಯ ಚೌಕಟ್ಟಿಗೆ ಅಪ್ಪಳಿಸಿದಳು. ಮಾಸ್ತರರು ಹಿಡಿಯಲು ಎದ್ದರು.

"ಬಿಡ್ರಿ ಮಾಸ್ತರ," ಎಂದಳು ರೇವವ್ವ. "ಕೆಡವಲಿ."

ಫಕೀರವ್ವ ಮತ್ತೆ ಕಲ್ಲೆತ್ತಿದಳು. ರೇವವ್ವ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.