ಒತ್ತಿಗೂ ಜಾಗ

ಇದ್ದಿಲ ಪುಡಿ ಉಜ್ಜಿದ ದಾರವನ್ನು ಬಿಳಿ ಬಟ್ಟೆಯ ಮೇಲೆ ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಬಿಟ್ಟಳು ಶಾಂತಾದೇವಿ. ನೆಟ್ಟಗೆ ಒಂದು ಗೆರೆ ಬಿತ್ತು. ನಡುಮನೆಯಲ್ಲಿ ಅವಳಪ್ಪ ಏಕಾಂತಯ್ಯನವರನ್ನು ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಚಾಮರಾಜಪುರಂನಿಂದ ಲಕ್ಷ್ಮೀಪುರಂವರೆಗೆ ಅಂಗಡಿ ಬೋರ್ಡುಗಳೆಲ್ಲ ಅವರ ಕೈಬರಹ. ಈಗ ಅವರನ್ನು ಕೂರಿಸಿ ಮಣ್ಣಿಗೆ ಒಯ್ಯುವ ವಿಮಾನದ ಹಿಂಬದಿಗೆ ಕಟ್ಟುವ ಬಟ್ಟೆಗೆ ಅವರದೇ ಹೆಸರು ಬೇಕಿತ್ತು.

"ಮೇಲೆ ಲಿಂಗೈಕ್ಯ ಅಂತ ಬರಿ. ಆಮೇಲೆ ಮೈಸೂರಿನ ಹೆಸರಾಂತ ಕಲಾವಿದರು. ಕೆಳಗೆ ಮಕ್ಕಳು, ಅಳಿಯಂದಿರ ಹೆಸರು. ಮೂಲೆಗೊಂದು ನವಿಲು," ಅಂದರು ಚಿಕ್ಕಪ್ಪ ಶಿವಲಿಂಗಯ್ಯ.

"ನವಿಲು ಯಾಕೆ ಚಿಕ್ಕಪ್ಪ?"

"ಅಷ್ಟು ಜಾಗ ಖಾಲಿ ಬುಟ್ರೆ, ಊರಿಗೆಲ್ಲ ಬಣ್ಣ ಬಳಿದೋನಿಗೆ ಮನೇಲಿ ಬಣ್ಣ ಸಾಲದೆ ಹೋಯ್ತು ಅಂತಾರೆ."

ಜಗಲಿಯ ಮೇಲಿದ್ದ ಕಾಫಿಬೀಜದ ಅಂಗಡಿ ಕೃಷ್ಣಪ್ಪ ತಲೆಯಾಡಿಸಿದರು. "ನಾನೂ ಇಂಗೇ ಕೇಳಿದ್ದೆ ಕಣ್ರೀ, ಬೋರ್ಡ್ ತುಂಬ ಬರೀರಿ ಅಂತ. 'ಅಂಗಡಿ ಬಾಗಿಲಿಗೂ ಮೂಟೆ ಜೋಡಿಸ್ತೀರಾ? ಗಿರಾಕಿ ಎಲ್ಲಿಂದ ಒಳಗೆ ಬರ್ಬೇಕು?' ಅಂದ್ಬುಟ್ರು."

ಜಗಲಿ ನಕ್ಕಿತು. ಆಮೇಲೆ ನಡುಮನೆಯ ಕಡೆ ನೋಡಿ ನಗು ನುಂಗಿಕೊಂಡಿತು.

"ಆದ್ರೂ ಬೀದೀಲಿ ನಾಲ್ಕು ಜನ ನೋಡೋ ಬರಹ ಇವಳ ಕೈಲಿ ಯಾವತ್ತು ಬರೆಸಿದ್ದ ನಮ್ಮಣ್ಣ?" ಅಂದರು ಚಿಕ್ಕಪ್ಪ. "ವಿಮಾನ ಕಟ್ಟಿ ಮುಗಿಯೋದ್ರೊಳಗೆ ತೋರ್ಸು. ಸರಿಯಾಗದಿದ್ರೆ ಪೇಟೆಯಿಂದ ಬೇರೆ ಪೇಂಟರ್‌ನ ಕರೆಸ್ತೀನಿ."

*

ಶಾಂತಾ ಚಿಕ್ಕವಳಿದ್ದಾಗ ಒಂದು ಹಲಗೆಯ ಮೇಲೆ 'ಅಕ್ಕಿ ಅಂಗಡಿ' ಎಂದು ಬರೆದಿದ್ದಳು. ಅಕ್ಷರಗಳನ್ನು ಹಲಗೆ ತುಂಬ ಬರೆದ ಮೇಲೆ 'ಕ್ಕಿ'ಯ ಕೆಳಗಿನ ಒತ್ತಿನ ನೆನಪಾಗಿತ್ತು. ಅದು ಮುದುಡಿಕೊಂಡು ಅಂಚಿನ ಪಟ್ಟಿಯ ಮೇಲೆ ಕಾಲಿಟ್ಟಿತ್ತು.

ಏಕಾಂತಯ್ಯ ಬೈಯಲಿಲ್ಲ. ಹಲಗೆಯನ್ನು ಜಗಲಿಗೆ ಒರಗಿಸಿ ಹೆಂಡತಿಯನ್ನು ಕರೆದರು. ಮಹದೇವಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಗಂಡನ ಬೋರ್ಡುಗಳನ್ನು ಎದುರು ಬದಿಗೆ ನಿಂತು ನೋಡುತ್ತ ನೋಡುತ್ತಲೇ ಅಕ್ಷರ ಕಲಿತವಳು. ಹಿಟ್ಟಿನ ಕೈಯಲ್ಲೇ ರಸ್ತೆ ದಾಟಿ, ಕಣ್ಣು ಕಿರಿದು ಮಾಡಿ ಓದಿದಳು.

"ಅಕಿ ಅಂಗಡಿ."

"ತಪ್ಪು ಅವ್ವಂದಲ್ಲ ಕಣವ್ವ," ಅಂದರು ಅಪ್ಪ, ಸೀಮೆಎಣ್ಣೆ ಬಟ್ಟೆಯಲ್ಲಿ ಹಲಗೆ ಒರೆಸುತ್ತ. "ಒತ್ತು ಅನ್ನೋದು ತಡವಾಗಿ ಬರೋ ನೆಂಟ. ಅದಕ್ಕೆ ಮೊದಲೇ ಚಾಪೆ ಹಾಸಿಡಬೇಕು."

ಮಹದೇವಮ್ಮ ಊರಿನ ಬೋರ್ಡೆಲ್ಲ ಓದುತ್ತಿದ್ದಳು, ಒಂದು ಮಾತು ಬಿಟ್ಟು. ಬೋರ್ಡಿನ ಮೂಲೆಯಲ್ಲಿ ಗಂಡ ಸಣ್ಣದಾಗಿ ಬರೆದುಕೊಂಡ ಅವರದೇ ಹೆಸರು ಬಂದಾಗ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಗಂಡನ ಹೆಸರನ್ನು ಹೆಂಡತಿ ಹೇಳುವುದುಂಟೆ?

*

ಶಾಂತಾ ಮೊದಲು ಕೊನೆಯ ಒತ್ತಿನ ಜಾಗ ಗುರುತು ಮಾಡಿಕೊಂಡಳು. ಆಮೇಲೆ ಅಕ್ಷರ ಕೂರಿಸಿದಳು. ಕಪ್ಪು ಬಣ್ಣದಲ್ಲಿ ಒಂದೇ ಮಾತು: ಏಕಾಂತಯ್ಯ. ಸುತ್ತಲೂ ಬಿಳಿ.

"ಲಿಂಗೈಕ್ಯ ಅಂತಾನಾದ್ರೂ ಬರೀಬಾರ್ದಾ?"

"ವಿಮಾನ ನೋಡಿದ್ರೇ ಗೊತ್ತಾಗ್ತದಲ್ಲ ಚಿಕ್ಕಪ್ಪ."

"ಗೆರೆಯೇನೋ ಅಣ್ಣನದೇ," ಎಂದು ಶಿವಲಿಂಗಯ್ಯ ಬಟ್ಟೆಯನ್ನು ದಿಟ್ಟಿಸಿದರು. "ಆದ್ರೂ ಬೋಳು ಬೋಳು. ಪೇಂಟರ್‌ಗೆ ಹೇಳಿ ಕಳಿಸ್ತೀನಿ."

ಅಲ್ಲಿಯವರೆಗೂ ಗಂಡನ ಪಕ್ಕದಿಂದ ಅಲುಗದಿದ್ದ ಮಹದೇವಮ್ಮ ಎದ್ದು ಬಂದಳು. "ಕಟ್ಟಿ ಮೈದುನಪ್ಪ. ನಾನು ಗೇಟಿನಲ್ಲಿ ನಿಂತಿರ್ತೀನಿ. ಬೀದಿ ಕೊನೇಲಿ ನನಗೆ ಕಾಣದಿದ್ರೆ ಕೂಗ್ತೀನಿ. ಅಲ್ಲೇ ನಿಲ್ಸಿ ನವಿಲು ಬರೆಸ್ಕೊಳ್ಳಿ."

"ಕಣ್ಣಲ್ಲಿ ಪೊರೆ ಅದೆಯಲ್ಲ ಅತ್ತಿಗೆ."

"ಅದಕ್ಕೇ ಹೇಳಿದ್ದು."

ವಿಮಾನ ಹೊರಟಿತು. ಆ ಮನೆಯ ಹೆಂಗಸರು ಗೇಟು ದಾಟುವ ಪದ್ಧತಿಯಿರಲಿಲ್ಲ. ಶಾಂತಾ ಅವ್ವನ ತೋಳು ಹಿಡಿದು ನಿಂತಳು. ಕೃಷ್ಣಪ್ಪನವರ ಬೋರ್ಡು, ದರ್ಜಿಯ ಬೋರ್ಡು, ಔಷಧಿ ಅಂಗಡಿಯ ಬೋರ್ಡು, ಒಂದೊಂದರ ಕೆಳಗೂ ಏಕಾಂತಯ್ಯ ಹಾದು ಹೋದರು. ದೂರವಾಗುತ್ತ ಹೂವಿನ ಬಣ್ಣಗಳು ಕಲೆತುಹೋದವು. ಹೊತ್ತವರ ತಲೆಗಳು ಬೆರೆತುಹೋದವು. ತಿರುವಿನಲ್ಲಿ ಶಿವಲಿಂಗಯ್ಯ ಕೈಯೆತ್ತಿ ವಿಮಾನ ನಿಲ್ಲಿಸಿ, ಹಿಂತಿರುಗಿ ನೋಡಿದರು.

ಮಹದೇವಮ್ಮ ಕಣ್ಣು ಕಿರಿದು ಮಾಡಿದಳು. ಸೆರಗು ಹಿಡಿದ ಕೈ ಬಾಯಿಯವರೆಗೆ ಹೋಗಿ, ಕೆಳಗಿಳಿಯಿತು.

"ಏಕಾಂತ...ಯ್ಯ," ಅಂದಳು, ಒತ್ತನ್ನು ಬಿಡದೆ.