ಹಲಗೆಯ ಮೇಲಿನ ಹೆಸರು

ಈ ಕಥೆಯನ್ನು ಮೊದಲು ಹೇಳಿದವರು ಆಲಿವ್ ಬಾಯಿ. 1991ರ ಮೇ ತಿಂಗಳ ಒಂದು ಶುಕ್ರವಾರ ಸಂಜೆ, ಕೊಲ್ಲಿನಾಡಿನ ಸಾಲ್ಮಿಯಾ ಬಡಾವಣೆಯ ತಮ್ಮ ಮೂರನೆಯ ಮಹಡಿಯ ಮನೆಯಲ್ಲಿ. ಅಂದು ಕೇಳಿದ ಐವರಲ್ಲಿ ನೆರೆಮನೆಯ ಪದ್ಮಮ್ಮ ಒಬ್ಬರು. ಅವರು ಮುಂದೆ ಹೇಳಿದಂತೆ ಕಥೆ ಇದು.

ಆಲಿವ್ ಬಾಯಿಯ ಗಂಡ ಮಥಾಯಸ್ ಅದೇ ನಗರದ ಶರ್ಕ್ ಬಡಾವಣೆಯ ಒಂದು ಖಾಸಗಿ ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದರು. ಅಲ್ಲಿನ ಒಂದು ಹಸ್ತಪ್ರತಿ ಏಳುನೂರು ವರ್ಷಗಳ ಹಿಂದಿನ ಒಬ್ಬ ಸುಲ್ತಾನನ ಪುಸ್ತಕಶಾಲೆಯದು. ಲಿಪಿಕಾರರನ್ನು ಅರಮನೆಯ ಅನ್ನ, ದೀಪದೆಣ್ಣೆ ಕೊಟ್ಟು ಸಾಕಿದ ಆ ದೊರೆಯ ಕಟ್ಟಳೆ ಹೀಗಿತ್ತು: ಪುಸ್ತಕ ಒಯ್ದವನು ಅದರ ಜಾಗದಲ್ಲಿ ತನ್ನ ಹೆಸರಿನ ಹಲಗೆ ಇಡಬೇಕು. ಶುಕ್ರವಾರ ಸೂರ್ಯ ಮುಳುಗುವಾಗ ಕಾವಲಿನವನು ಆ ಹೆಸರು ಕೂಗುವನು. ‘ಹಾಜರ್’ ಎಂದು ಪುಸ್ತಕ ಮರಳಿಸಬೇಕು. ಮೂರು ಶುಕ್ರವಾರದ ಕರೆ ತಪ್ಪಿಸಿದವನೇ ಮುಂದಿನ ಕಾವಲಿನವನು, ಹಿಂದಿನವನಿಗೆ ಬಿಡುಗಡೆ. ಸುಲ್ತಾನ ತೀರಿಕೊಂಡ ಮೇಲೂ ಕರೆ ನಿಲ್ಲಲಿಲ್ಲವೆಂದು ಪ್ರತೀತಿ.

1990ರ ಆಗಸ್ಟ್‌ನಲ್ಲಿ ನೆರೆದೇಶದಿಂದ ನುಗ್ಗಿ ಊರು ಹೊಕ್ಕ ಸೈನಿಕರು ಪುಸ್ತಕಗಳನ್ನು ಲಾರಿಗೆ ತುಂಬತೊಡಗಿದಾಗ ಮಥಾಯಸ್ ಆ ಪ್ರತಿಯನ್ನು ಅಕ್ಕಿಚೀಲದಲ್ಲಿ ಅಡಗಿಸಿದರು. ಪುಸ್ತಕ ತೆಗೆದರೆ ಹಲಗೆ ಇಡುವುದು ಅವರ ಇಪ್ಪತ್ತು ವರ್ಷದ ರೂಢಿ. ಹಲಗೆಯಲ್ಲಿ ಹೆಸರು ಬರೆದು ಅದರ ಜಾಗದಲ್ಲಿಟ್ಟೇ ಹೊರಬಿದ್ದರು.

“ಸಹಿ ಹಾಕಿ ಕದಿಯುವ ಕಳ್ಳನನ್ನು ಇವತ್ತೇ ನೋಡಿದ್ದು ಮಾರಾಯ್ರೆ! ಯಲ್ಲಾ, ಬೇಗ ಹತ್ತಿ,” ಎಂದು ಗ್ರಂಥಾಲಯದ ಡ್ರೈವರ್ ಮುತ್ತಲಿಬ್ ನಕ್ಕ.

ಮುಂದಿನ ಶುಕ್ರವಾರ ಸಂಜೆ ಮೆಟ್ಟಿಲ ಬುಡದಿಂದ ಯಾರೋ “ಮಥಾಯಸ್” ಎಂದು ಕೂಗಿದರು. ಇಣುಕಿದರೆ ಯಾರೂ ಇಲ್ಲ. ಓಗೊಡಲು ಹೊರಟ ಗಂಡನ ಬಾಯಿಯನ್ನು ಆಲಿವ್, ಸೈನಿಕರಿರಬಹುದೆಂದು ಹೆದರಿ, ಅಂಗೈಯಿಂದ ಮುಚ್ಚಿದರು. ಮೂರು ವಾರವೂ ಹಾಗೆಯೇ.

ನಾಲ್ಕನೆಯ ಶುಕ್ರವಾರ ಕರೆ ಬರಲಿಲ್ಲ. ಮರುದಿನ, ಊರಿಗೆ ವಿಮಾನ ಸಿಗುವ ಅಮ್ಮಾನ್‌ಗೆ ಹೊರಡುವ ಬಸ್ಸಿನಲ್ಲಿ ಇಬ್ಬರಿಗೂ ಸೀಟಿತ್ತು. ಆದರೆ ಅಂದು ರಾತ್ರಿಯೇ ಮಥಾಯಸ್ ಎದ್ದು, ಪುಸ್ತಕ ಎತ್ತಿಕೊಂಡು ಮನೆಯ ಮೆಟ್ಟಿಲಿಳಿದು ಹೋದರು. ಹಿಂದೆಯೇ ಓಡಿದ ಆಲಿವ್‌ಗೆ ಸಿಕ್ಕಿದ್ದು ಕೊನೆಯ ಮೆಟ್ಟಿಲಲ್ಲಿ ಬಿಟ್ಟ ಚಪ್ಪಲಿ ಮಾತ್ರ. ಬಸ್ಸು ಹೋಯಿತು, ಆಲಿವ್ ಉಳಿದರು.

ಯುದ್ಧ ಮುಗಿದ ಮೇಲೆ ಮುತ್ತಲಿಬ್ ಅವರನ್ನು ಶರ್ಕ್‌ಗೆ ಕರೆದೊಯ್ದ. ಮಸಿ ಹಿಡಿದ ಬರಿಯ ಕಪಾಟುಗಳ ನಡುವೆ ಆ ಒಂದೇ ಪುಸ್ತಕವಿತ್ತು. ಅದರ ಬೆನ್ನಿಗೆ ಹೊಸ ಹೊಲಿಗೆ, ಮಥಾಯಸರದೇ ಕೈಕೆಲಸ. ಆಲಿವ್ ತಮ್ಮ ಹೆಸರಿನ ಹಲಗೆ ಇಟ್ಟು ಪುಸ್ತಕವನ್ನು ಮನೆಗೆ ತಂದರು.

“ಎರಡು ಶುಕ್ರವಾರ ಕರೆದರು. ನಮ್ಮವರದೇ ಸ್ವರ, ಪದ್ಮಮ್ಮ. ನಾನು ಹಾಜರ್ ಅನ್ನಲಿಲ್ಲ,” ಎಂದು ಆ ಮೇ ಸಂಜೆ ಆಲಿವ್ ಬಾಯಿ ಕಥೆ ಮುಗಿಸಿದರು.

“ಅಯ್ಯೋ, ಇವತ್ತು ಹಾಜರ್ ಅಂದ್ಬಿಡ್ರೀ! ಪುಸ್ತಕ ಕೊಟ್ಟು ಕೈತೊಳ್ಕೊಳ್ಳಿ.”

“ಅವತ್ತು ಅವರ ಬಾಯಿ ಮುಚ್ಚಿದ್ದು ನಾನಲ್ವಾ? ಅವರಿಗೆ ಬಿಡುಗಡೆ ಬೇಡ್ವಾ?”

ಅಷ್ಟರಲ್ಲಿ ಕಿಟಕಿಯ ಬೆಳಕು ಕೆಂಪಾಯಿತು. “ಆಲಿವ್” ಎಂಬ ಮೂರನೆಯ ಶುಕ್ರವಾರದ ಕರೆ ಕೆಳಗಿನಿಂದ ಬಂತು; ಐವರೂ ಕೇಳಿಸಿಕೊಂಡರು. ಸ್ವಲ್ಪ ತಡೆದು, ಬೇಡಿಕೊಳ್ಳುವಂತೆ, ಇನ್ನೊಮ್ಮೆ.

ಆಲಿವ್ ಬಾಯಿ ತಮ್ಮ ಅಂಗೈಯಿಂದ ತಮ್ಮದೇ ಬಾಯಿ ಮುಚ್ಚಿಕೊಂಡು ಕುಳಿತರು.

ಕೇಳಲು ಬಂದವರು ಒಬ್ಬೊಬ್ಬರಾಗಿ ಎದ್ದು ಚಪ್ಪಲಿ ಮೆಟ್ಟಿ ಮನೆಗೆ ಹೋದರು. ಮೆಟ್ಟಿಲಿಳಿಯಲು ಒಬ್ಬರೂ ಒಪ್ಪದೆ, ಲಿಫ್ಟ್ ಬರುವವರೆಗೂ ಕಾದರಂತೆ.